ನರಕ್ಕೆ ಕರೆಂಟ್ ಕೊಡುವ ಪರೀಕ್ಷೆ: ಭಯ ಬೇಡ, ‘ನಾರ್ಮಲ್’ ಎಂದ ಕೂಡಲೇ ಕೈಬಿಡಲೂ ಬೇಡಿ

“ನರದ ತೊಂದರೆ ಅಂತ ದೊಡ್ಡಾಸ್ಪತ್ರೆಗೆ ಹೋದ್ರೆ ಕರೆಂಟ್ ಶಾಕ್ ಕೊಡ್ತಾರೆ, ಇರೋ ನರಾನೂ ಹೋಗುತ್ತೆ.” ಇಂಥ ಮಾತು ವಾಟ್ಸಾಪ್ ಗ್ರೂಪಿನಲ್ಲೋ ಮದುವೆ ಮನೆಯ ಪಂಕ್ತಿಯಲ್ಲೋ ನಿಮ್ಮ ಕಿವಿಗೂ ಬಿದ್ದಿರಬಹುದು. ಇದರ ಜೊತೆಗೇ ಇನ್ನೊಂದು ಮಾತು ಓಡಾಡುತ್ತದೆ: “ಕರೆಂಟ್ ಟೆಸ್ಟ್ ನಾರ್ಮಲ್ ಬಂತಲ್ಲ, ಇನ್ನೇನು? ಎಲ್ಲಾ ಮನಸ್ಸಿನದ್ದು.”

ಮೊದಲನೆಯದು ಪರೀಕ್ಷೆಗೆ ಹೋಗುವವರನ್ನು ತಡೆಯುತ್ತದೆ. ಎರಡನೆಯದು ಪರೀಕ್ಷೆ ಮಾಡಿಸಿಕೊಂಡವರನ್ನೂ ದಾರಿ ತಪ್ಪಿಸುತ್ತದೆ. ಎರಡೂ ಪೂರ್ತಿ ನಿಜವಲ್ಲ. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಪರೀಕ್ಷೆ ಏನು, ಹೇಗೆ ಮಾಡುತ್ತಾರೆ, ಅದರ ವರದಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನೋಡೋಣ.

ಬೆಳಿಗ್ಗೆ ಸರಿ, ಸಂಜೆಗೆ ಸುಸ್ತು: ಇದೆಂಥ ಕಾಯಿಲೆ?

ಬೆಳಿಗ್ಗೆ ಎದ್ದಾಗ ಕಣ್ಣು ಚೆನ್ನಾಗಿಯೇ ತೆರೆದಿರುತ್ತದೆ. ಸಂಜೆಯಾಗುತ್ತಾ ಒಂದು ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಎದುರಿನಿಂದ ಬರುವ ಒಂದು ಬೈಕು ಎರಡಾಗಿ ಕಾಣುತ್ತದೆ. ಊಟದ ಆರಂಭದಲ್ಲಿ ಸಲೀಸಾಗಿ ಅಗಿಯುತ್ತಿದ್ದ ದವಡೆ ಅರ್ಧ ಊಟಕ್ಕೇ ಸೋಲುತ್ತದೆ. ಮಾತು ಶುರುವಾದಾಗ ಸ್ಪಷ್ಟ, ಹತ್ತು ನಿಮಿಷ ಕಳೆದರೆ ಮೂಗಿನಿಂದ ಮಾತಾಡಿದಂತೆ. ಸ್ವಲ್ಪ ವಿಶ್ರಾಂತಿ ಸಿಕ್ಕರೆ ಮತ್ತೆ ಸರಿ.

ಈ ಏರಿಳಿತವೇ ಮಯಸ್ತೇನಿಯಾ ಗ್ರೇವಿಸ್‌ನ ಗುರುತು. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ತೊಂದರೆ ಏನೆಂದರೆ, ಇಂಥವರು ವೈದ್ಯರ ಮುಂದೆ ಕೂರುವ ಹೊತ್ತಿಗೆ ಎಷ್ಟೋ ಸಲ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಮನೆಯವರಿಗೂ ಅನುಮಾನ: “ಬೆಳಿಗ್ಗೆ ಚೆನ್ನಾಗೇ ಇದ್ದಳಲ್ಲ, ಕೆಲಸದ ಹೊತ್ತಿಗೆ ಮಾತ್ರ ಯಾಕೆ ಹೀಗೆ?” ಕಾಯಿಲೆಗೆ ‘ನಾಟಕ’ ಎಂಬ ಹೆಸರು ಬೀಳುವುದು ಇಲ್ಲೇ.

ಈ ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು. 40 ವರ್ಷದೊಳಗಿನ ಹೆಂಗಸರಲ್ಲಿ ಮತ್ತು 60 ದಾಟಿದ ಗಂಡಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ನಟ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಇದೇ ಕಾಯಿಲೆ ಪತ್ತೆಯಾಗಿತ್ತು. ಆಮೇಲೂ ಅವರು ದಶಕಗಳ ಕಾಲ ನಟಿಸಿದ್ದು ನಮಗೆಲ್ಲ ಗೊತ್ತು. ಸರಿಯಾಗಿ ಗುರುತಿಸಿದರೆ ಚಿಕಿತ್ಸೆ ಇರುವ ಕಾಯಿಲೆ ಇದು. ಅದಕ್ಕೇ ಗುರುತಿಸುವ ಪರೀಕ್ಷೆಗೆ ಇಷ್ಟು ಮಹತ್ವ.

ದೋಣಿ ಇದೆ, ಕಟ್ಟುವ ಗೂಟ ಇಲ್ಲ

ನರ ಒಂದು ದಡ, ಸ್ನಾಯು ಇನ್ನೊಂದು ದಡ ಎಂದುಕೊಳ್ಳಿ. ನಡುವೆ ಒಂದು ಸಣ್ಣ ಹೊಳೆ. ಈ ಅಂತರ ಕೂದಲೆಳೆಯ ದಪ್ಪದ ಸುಮಾರು ಸಾವಿರದ ಒಂದು ಪಾಲು. ಮಿದುಳಿನಿಂದ ಹೊರಟ ವಿದ್ಯುತ್ ಸಂದೇಶ ನರದ ತುದಿಯವರೆಗೆ ಬಂದು ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದೋಣಿಯಂತೆ ಹೊಳೆ ದಾಟಿ, ಆಚೆ ದಡದ ರಿಸೆಪ್ಟರ್ ಎಂಬ ಗೂಟಕ್ಕೆ ಕಟ್ಟಿಕೊಳ್ಳಬೇಕು. ಸಾಕಷ್ಟು ದೋಣಿಗಳು ಕಟ್ಟಿಕೊಂಡರೆ ಮಾತ್ರ ಸ್ನಾಯು ಸಂಕುಚಿಸುತ್ತದೆ.

ಆರೋಗ್ಯವಂತರಲ್ಲಿ ನರ ಬೇಕಾದ್ದಕ್ಕಿಂತ ಹೆಚ್ಚು ದೋಣಿ ಕಳಿಸುತ್ತದೆ, ಆಚೆ ದಡದಲ್ಲಿ ಗೂಟಗಳೂ ಧಾರಾಳ. ಮಯಸ್ತೇನಿಯಾದಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಪ್ರತಿಕಾಯಗಳನ್ನು ತಯಾರಿಸಿ ಆ ಗೂಟಗಳನ್ನೇ ಕಿತ್ತು ಹಾಕುತ್ತದೆ. ನರ ಸರಿ ಇದೆ, ಸ್ನಾಯು ಸರಿ ಇದೆ, ಕೆಟ್ಟಿರುವುದು ನಡುವಿನ ಕಡವು.

ಈ ಗೂಟಗಳು ಕಡಿಮೆಯಾಗಿವೆ ಎಂದು ಪತ್ತೆಹಚ್ಚಲು ನೆರವಾದದ್ದು ಹಾವಿನ ವಿಷ. ತೈವಾನ್‌ನ ಒಂದು ಹಾವು, ನಮ್ಮ ಹೊಲ ಗದ್ದೆಗಳಲ್ಲಿರುವ ಕಟ್ಟುಹಾವಿನ ಬಳಗದ್ದೇ, ಅದರ ವಿಷದಲ್ಲಿರುವ ಬಂಗಾರೊಟಾಕ್ಸಿನ್ ಎಂಬ ಅಂಶ ಈ ರಿಸೆಪ್ಟರ್‌ಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಮೆರಿಕದಲ್ಲಿ ಫ್ಯಾಂಬ್ರೊ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ಎಂಬ ವಿಜ್ಞಾನಿಗಳು ಈ ವಿಷಕ್ಕೆ ವಿಕಿರಣದ ಗುರುತು ಹಾಕಿ, ರೋಗಿಗಳ ಸ್ನಾಯುವಿನಲ್ಲಿ ರಿಸೆಪ್ಟರ್‌ಗಳು ಬಹಳ ಕಡಿಮೆ ಇವೆ ಎಂದು 1973ರಲ್ಲಿ ತೋರಿಸಿದರು. ನಾಗರಹಾವು ಕಚ್ಚಿದವರಲ್ಲಿ ಮೊದಲು ರೆಪ್ಪೆ ಜೋತು ಬೀಳುವುದೂ ಇದೇ ಕಾರಣಕ್ಕೆ. ಅದರ ವಿಷ ಕೂಡ ಇದೇ ಕಡವಿನಲ್ಲಿ ದಾರಿ ಕಟ್ಟುತ್ತದೆ.

ಕರೆಂಟ್ ಪರೀಕ್ಷೆಯಲ್ಲಿ ಮಾಡುವುದೇನು?

ಈ ಪರೀಕ್ಷೆಯ ಹೆಸರು ರಿಪಿಟಿಟಿವ್ ನರ್ವ್ ಸ್ಟಿಮ್ಯುಲೇಶನ್, ಚುಟುಕಾಗಿ ಆರ್‌ಎನ್‌ಎಸ್. ನರವನ್ನು ಮತ್ತೆ ಮತ್ತೆ ಪ್ರಚೋದಿಸಿ ಸ್ನಾಯು ಹೇಗೆ ಉತ್ತರ ಕೊಡುತ್ತದೆ ಎಂದು ಅಳೆಯುವುದು.

ಉದಾಹರಣೆಗೆ ಕೈಯ ಕಿರುಬೆರಳಿನ ಸ್ನಾಯು. ಅದರ ಮೇಲೆ ಚರ್ಮಕ್ಕೆ ಸಣ್ಣ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಮಣಿಕಟ್ಟಿನ ಬಳಿ ನರದ ಮೇಲೆ ಇನ್ನೊಂದು ಉಪಕರಣ ಇಟ್ಟು ಪುಟ್ಟ ವಿದ್ಯುತ್ ಮಿಡಿತ ಕೊಡುತ್ತಾರೆ. ಒಂದೊಂದು ಮಿಡಿತ ಇರುವುದು ಸೆಕೆಂಡಿನ ಹತ್ತು ಸಾವಿರದ ಒಂದೆರಡು ಪಾಲು ಹೊತ್ತು ಮಾತ್ರ. ಬೆರಳು ಪಟ್ಟನೆ ಹಾರುತ್ತದೆ. ಸ್ನಾಯುವಿನ ಉತ್ತರ ಕಂಪ್ಯೂಟರ್ ಪರದೆಯ ಮೇಲೆ ಅಲೆಯಾಗಿ ಮೂಡುತ್ತದೆ.

ಸೆಕೆಂಡಿಗೆ 2 ಅಥವಾ 3 ಮಿಡಿತದಂತೆ ಸಾಲಾಗಿ 5ರಿಂದ 10 ಮಿಡಿತ. ನರದ ತುದಿಯಲ್ಲಿ ಕೂಡಲೇ ಹೊರಡಲು ಸಿದ್ಧವಿರುವ ದೋಣಿಗಳ ಸಂಖ್ಯೆಗೆ ಮಿತಿ ಇದೆ. ಹಾಗಾಗಿ ಎರಡನೆಯ, ಮೂರನೆಯ, ನಾಲ್ಕನೆಯ ಮಿಡಿತಕ್ಕೆ ಹೊರಡುವ ದೋಣಿಗಳು ಎಲ್ಲರಲ್ಲೂ ಕಡಿಮೆಯಾಗುತ್ತಾ ಹೋಗುತ್ತವೆ. ಆರೋಗ್ಯವಂತರಲ್ಲಿ ಗೂಟಗಳು ಧಾರಾಳವಾಗಿರುವುದರಿಂದ ಇದು ಗೊತ್ತೇ ಆಗುವುದಿಲ್ಲ, ಅಲೆಗಳೆಲ್ಲ ಒಂದೇ ಎತ್ತರ. ಗೂಟಗಳೇ ಕಡಿಮೆ ಇರುವವರಲ್ಲಿ ಕೆಲವು ಸ್ನಾಯು ಎಳೆಗಳಿಗೆ ಸಂದೇಶ ಮುಟ್ಟುವುದೇ ಇಲ್ಲ, ಅಲೆ ಕುಗ್ಗುತ್ತದೆ.

ಲೆಕ್ಕ ಸರಳ. ಮೊದಲ ಅಲೆ 10 ಮಿಲಿವೋಲ್ಟ್, ನಾಲ್ಕನೆಯದು 8 ಮಿಲಿವೋಲ್ಟ್ ಆದರೆ ಶೇ 20ರಷ್ಟು ಕುಸಿತ. ಸಾಮಾನ್ಯವಾಗಿ ಶೇ 10ಕ್ಕಿಂತ ಹೆಚ್ಚು ಕುಸಿದರೆ ಅಸಹಜ ಎಂದು ಪರಿಗಣಿಸುತ್ತಾರೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಸ್ನಾಯುವನ್ನು ಸ್ವಲ್ಪ ಹೊತ್ತು ಜೋರಾಗಿ ಬಿಗಿ ಹಿಡಿಯಲು ಹೇಳಿ ಮತ್ತೆ ಅಳೆಯುತ್ತಾರೆ. ಮಯಸ್ತೇನಿಯಾ ಇದ್ದರೆ ಬಿಗಿ ಹಿಡಿದ ಕೂಡಲೇ ಕುಸಿತ ಕೆಲ ಕ್ಷಣ ಕಡಿಮೆಯಾಗಿ, 2ರಿಂದ 4 ನಿಮಿಷ ಕಳೆದ ಮೇಲೆ ಇನ್ನಷ್ಟು ಹೆಚ್ಚುತ್ತದೆ. ರೋಗಿ ದಿನವಿಡೀ ಅನುಭವಿಸುವ ಸೋಲು ಹೀಗೆ ಪರದೆಯ ಮೇಲೆ ಅಂಕಿಯಾಗಿ ಕಾಣಿಸಿಕೊಳ್ಳುತ್ತದೆ. ನಾಟಕವಾಡಿ ಈ ಅಲೆಯನ್ನು ಕುಗ್ಗಿಸಲು ಯಾರಿಂದಲೂ ಆಗದು.

ಈ ವಿದ್ಯೆ ಹೊಸದೇನಲ್ಲ. ಬರ್ಲಿನ್‌ನ ವೈದ್ಯ ಫ್ರೀಡ್ರಿಶ್ ಯೋಲಿ 1895ರಲ್ಲೇ ಇಂಥ ರೋಗಿಗಳ ಸ್ನಾಯುವಿಗೆ ಪದೇ ಪದೇ ವಿದ್ಯುತ್ ಪ್ರಚೋದನೆ ಕೊಟ್ಟು, ಅದರ ಉತ್ತರ ಕ್ರಮೇಣ ಸೋಲುವುದನ್ನು ತೋರಿಸಿದ್ದರು. 1941ರಲ್ಲಿ ಅಮೆರಿಕದ ಹಾರ್ವಿ ಮತ್ತು ಮಾಸ್‌ಲ್ಯಾಂಡ್ ಇದನ್ನು ಅಳೆದು ದಾಖಲಿಸುವ ಪರೀಕ್ಷೆಯಾಗಿ ರೂಪಿಸಿದರು.

ಇನ್ನೂ ಸೂಕ್ಷ್ಮ ಪರೀಕ್ಷೆ: ಡೊಳ್ಳಿನ ತಾಳ ತಪ್ಪಿದಂತೆ

ಆರ್‌ಎನ್‌ಎಸ್‌ನಲ್ಲಿ ಕುಸಿತ ಸಿಗದಿದ್ದರೂ ಅನುಮಾನ ಉಳಿದರೆ ಸಿಂಗಲ್ ಫೈಬರ್ ಇಎಮ್‌ಜಿ ಎಂಬ ಪರೀಕ್ಷೆ ಇದೆ. ಸ್ವೀಡನ್‌ನ ಉಪ್ಸಾಲಾದಲ್ಲಿ ಎರಿಕ್ ಸ್ಟಾಲ್‌ಬೆರಿ ಮತ್ತು ಯಾನ್ ಎಕ್‌ಸ್ಟೆಟ್ 1960ರ ದಶಕದಲ್ಲಿ ಇದನ್ನು ಬೆಳೆಸಿದರು.

ಒಂದು ನರದ ಎಳೆ ಅನೇಕ ಸ್ನಾಯು ಎಳೆಗಳಿಗೆ ಒಟ್ಟಿಗೇ ಆಜ್ಞೆ ಕೊಡುತ್ತದೆ. ಡೊಳ್ಳು ಕುಣಿತದಲ್ಲಿ ಒಬ್ಬರ ಸನ್ನೆಗೆ ಎಲ್ಲರೂ ಒಟ್ಟಿಗೆ ಹೊಡೆದ ಹಾಗೆ. ಆರೋಗ್ಯವಂತರಲ್ಲೂ ಎರಡು ಎಳೆಗಳ ನಡುವೆ ಒಂದಿಷ್ಟು ಹಿಂದುಮುಂದು ಇದ್ದೇ ಇರುತ್ತದೆ. ಅದು ಮೈಕ್ರೊಸೆಕೆಂಡ್‌ಗಳ ಲೆಕ್ಕ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲುಗಳು. ಇದಕ್ಕೆ ಜಿಟರ್ ಎನ್ನುತ್ತಾರೆ. ಕಡವು ಕೆಟ್ಟಾಗ ಈ ಜಿಟರ್ ಹೆಚ್ಚುತ್ತದೆ. ಇನ್ನೂ ಕೆಟ್ಟರೆ ಒಂದು ಡೊಳ್ಳು ನಡುನಡುವೆ ಸದ್ದೇ ಮಾಡುವುದಿಲ್ಲ.

ಇದಕ್ಕೆ ಹಣೆ, ಕಣ್ಣಿನ ಸುತ್ತ ಅಥವಾ ಮುಂಗೈ ಸ್ನಾಯುವಿಗೆ ತೆಳುವಾದ ಸೂಜಿ ಬೇಕಾಗುತ್ತದೆ. ಸಮಯ ಹಿಡಿಯುತ್ತದೆ, ಪಳಗಿದ ಕೈ ಬೇಕು. ಆದ್ದರಿಂದ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ನರವಿಜ್ಞಾನ ಸಂಸ್ಥೆಗೋ ದೊಡ್ಡ ನರರೋಗ ವಿಭಾಗವಿರುವ ಆಸ್ಪತ್ರೆಗೋ ವೈದ್ಯರು ಬರೆದುಕೊಡುವುದು ಇದಕ್ಕೇ.

ಈಗ ಹರಿದಾಡುವ ಮಾತುಗಳನ್ನು ಒಂದೊಂದಾಗಿ ನೋಡೋಣ

ಮಾತು: ಇದು ತಲೆಗೆ ಕೊಡುವ ಶಾಕ್.
ನಿಜ: ಅಲ್ಲ. ಕೆಲವು ಮಾನಸಿಕ ಕಾಯಿಲೆಗಳಿಗೆ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಬೇರೆಯೇ ಚಿಕಿತ್ಸೆ. ಆರ್‌ಎನ್‌ಎಸ್ ಚಿಕಿತ್ಸೆಯಲ್ಲ, ಅಳತೆ. ಕೈ, ಹೆಗಲು ಅಥವಾ ಮುಖದ ನರಕ್ಕೆ ಕೊಡುವ ಪುಟ್ಟ ಮಿಡಿತ ಅದು. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮುಗಿದ ಮೇಲೆ ಎದ್ದು ಮನೆಗೆ ಹೋಗಬಹುದು.

ಮಾತು: ಕರೆಂಟ್ ಹರಿದರೆ ನರ ಸುಟ್ಟುಹೋಗುತ್ತದೆ.
ನಿಜ: ಈ ಪರೀಕ್ಷೆಯಿಂದ ನರ ಸುಡುವುದಿಲ್ಲ, ಲಕ್ವ ಹೊಡೆಯುವುದಿಲ್ಲ. ಹಾಗೆಂದು ನೋವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಮಿಡಿತ ಚುರುಕ್ಕೆನ್ನುತ್ತದೆ, ಹೆಗಲು ಮತ್ತು ಮುಖದಲ್ಲಿ ಸ್ವಲ್ಪ ಹೆಚ್ಚೇ ಕಿರಿಕಿರಿ. ಸೂಜಿ ಹಾಕಿದ ಜಾಗ ಒಂದೆರಡು ದಿನ ನೋಯಬಹುದು, ಸ್ವಲ್ಪ ಕಂದಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮತ್ತು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ಹೇಳಬೇಕು.

ಮಾತು: ನರದ ಟೆಸ್ಟ್ ಒಮ್ಮೆ ಆಗಿದೆ, ನಾರ್ಮಲ್ ಬಂದಿದೆ, ಹಾಗಾದರೆ ಮಯಸ್ತೇನಿಯಾ ಇಲ್ಲ.
ನಿಜ: ಹೆಚ್ಚು ಜನ ಎಡವುವುದು ಇಲ್ಲೇ. ಸಕ್ಕರೆ ಕಾಯಿಲೆಯವರಿಗೆ ಕಾಲು ಜೋಮು ಹಿಡಿದಾಗ ಮಾಡುವ ಸಾಮಾನ್ಯ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ನರದಲ್ಲಿ ಸಂದೇಶ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಹೋಗುತ್ತದೆ ಎಂದು ನೋಡುತ್ತಾರೆ. ಮಯಸ್ತೇನಿಯಾದಲ್ಲಿ ನರ ಕೆಟ್ಟಿಲ್ಲವಲ್ಲ, ಆ ಪರೀಕ್ಷೆ ನಾರ್ಮಲ್ ಬರುವುದೇ ಸಹಜ. ಮಿಡಿತಗಳನ್ನು ಸಾಲಾಗಿ ಕೊಟ್ಟು ಕುಸಿತ ಹುಡುಕಿದ್ದರೆ ಮಾತ್ರ ಅದು ಆರ್‌ಎನ್‌ಎಸ್. ಆದ್ದರಿಂದ ವರದಿ ಕೈಗೆ ಬಂದಾಗ “ಇದರಲ್ಲಿ ಆರ್‌ಎನ್‌ಎಸ್ ಮಾಡಿದ್ದಾರಾ, ಯಾವ ಸ್ನಾಯುವಿನಲ್ಲಿ?” ಎಂದು ವೈದ್ಯರನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಮಾತು: ಆರ್‌ಎನ್‌ಎಸ್ಸೂ ನಾರ್ಮಲ್ ಬಂದರೆ ಕಾಯಿಲೆ ಇಲ್ಲವೇ ಇಲ್ಲ.
ನಿಜ: ಹಾಗೂ ಹೇಳಲಾಗದು. ಮೈಯೆಲ್ಲ ಹರಡಿದ ಮಯಸ್ತೇನಿಯಾದಲ್ಲಿ ಆರ್‌ಎನ್‌ಎಸ್ ಬಹುಪಾಲು ರೋಗಿಗಳನ್ನು ಹಿಡಿಯುತ್ತದೆ, ಎಲ್ಲರನ್ನೂ ಅಲ್ಲ. ಕಣ್ಣಿಗಷ್ಟೇ ಸೀಮಿತವಾದ ಬಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳು ಇದರ ಕಣ್ಣು ತಪ್ಪಿಸಬಹುದು. ರೆಪ್ಪೆ ಬೀಳುವವರ ಕಿರುಬೆರಳನ್ನು ಮಾತ್ರ ಪರೀಕ್ಷಿಸಿದರೆ ಕುಸಿತ ಎಲ್ಲಿಂದ ಸಿಗಬೇಕು? ಯಾವ ಸ್ನಾಯು ಸೋಲುತ್ತದೋ ಅದರ ಹತ್ತಿರದ ಸ್ನಾಯುವನ್ನು, ಅಂದರೆ ಮುಖ ಅಥವಾ ಹೆಗಲನ್ನು, ಪರೀಕ್ಷಿಸಿದಾಗ ಸಿಗುವ ಸಾಧ್ಯತೆ ಹೆಚ್ಚು. ಸಿಂಗಲ್ ಫೈಬರ್ ಪರೀಕ್ಷೆ ಇದಕ್ಕಿಂತ ಬಹಳ ಸೂಕ್ಷ್ಮ. ನಿಜವಾಗಿ ಬಲ ಕಳೆದುಕೊಂಡಿರುವ ಸ್ನಾಯುವಿನಲ್ಲೇ ಜಿಟರ್ ಸರಿಯಾಗಿದ್ದರೆ, ಆ ನಿಶ್ಶಕ್ತಿಗೆ ಕಾರಣ ಮಯಸ್ತೇನಿಯಾ ಅಲ್ಲ ಎಂದು ಬಹುಮಟ್ಟಿಗೆ ಹೇಳಬಹುದು.

ಮಾತು: ಪರೀಕ್ಷೆ ಪಾಸಿಟಿವ್ ಬಂದರೆ ಮಯಸ್ತೇನಿಯಾ ಖಚಿತ.
ನಿಜ: ಇದೂ ಅರ್ಧ ಸತ್ಯ. ಕುಸಿತ ಬೇರೆ ಕೆಲವು ನರ ಸ್ನಾಯು ಕಾಯಿಲೆಗಳಲ್ಲೂ ಕಾಣಬಹುದು. ಜಿಟರ್ ಅಂತೂ ನರದ ಅಥವಾ ಸ್ನಾಯುವಿನ ಬೇರೆ ತೊಂದರೆಗಳಲ್ಲೂ ಹೆಚ್ಚುತ್ತದೆ. ಮುಖಕ್ಕೆ ಬೊಟಾಕ್ಸ್ ಚುಚ್ಚಿಸಿಕೊಂಡಿದ್ದರೂ ಏರುಪೇರಾಗುತ್ತದೆ. ಲ್ಯಾಂಬರ್ಟ್ ಈಟನ್ ಎಂಬ ಇನ್ನೊಂದು ಕಾಯಿಲೆಯಲ್ಲಿ ಮೊದಲ ಅಲೆಯೇ ಚಿಕ್ಕದಾಗಿದ್ದು, ಹತ್ತು ಸೆಕೆಂಡು ಸ್ನಾಯು ಬಿಗಿ ಹಿಡಿದ ಮೇಲೆ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಬೆಳೆಯುತ್ತದೆ. ಆ ಕಾಯಿಲೆಯ ಹಿಂದೆ ಕೆಲವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಡಗಿರುತ್ತದೆ. ಅಂದರೆ ಅಲೆ ಕುಗ್ಗಿತೋ ಹಿಗ್ಗಿತೋ ಎಂಬುದೂ ಜೀವ ಉಳಿಸುವ ಮಾಹಿತಿ. ಅದನ್ನು ಓದಬೇಕಾದವರು ನರರೋಗ ತಜ್ಞರು, ಗ್ರೂಪ್ ಅಡ್ಮಿನ್ ಅಲ್ಲ.

ಪರೀಕ್ಷೆಗೆ ಹೋಗುವ ಮುನ್ನ

ಮಯಸ್ತೇನಿಯಾಕ್ಕೆ ಕೊಡುವ ಪಿರಿಡೊಸ್ಟಿಗ್ಮಿನ್ ಮಾತ್ರೆ ಕಡವಿನ ಕೆಲಸವನ್ನು ತಾತ್ಕಾಲಿಕವಾಗಿ ಸುಧಾರಿಸುತ್ತದೆ. ಅದು ಮೈಯಲ್ಲಿದ್ದಾಗ ಪರೀಕ್ಷಿಸಿದರೆ ಕುಸಿತ ಮರೆಯಾಗಬಹುದು. ಹೀಗಾಗಿ ಸುಮಾರು 12 ಗಂಟೆ ಮೊದಲು ಮಾತ್ರೆ ನಿಲ್ಲಿಸಲು ವೈದ್ಯರು ಹೇಳುವುದುಂಟು. ಆದರೆ ನುಂಗಲು, ಉಸಿರಾಡಲು ಕಷ್ಟವಿರುವವರಿಗೆ ಹಾಗೆ ನಿಲ್ಲಿಸುವುದೇ ಅಪಾಯ. ಆದ್ದರಿಂದ ವೈದ್ಯರು ಹೇಳದೆ ಒಂದು ಮಾತ್ರೆಯನ್ನೂ ಬಿಡಬೇಡಿ.

ಕೈ ತಣ್ಣಗಿದ್ದರೂ ಪರೀಕ್ಷೆ ಮೋಸ ಮಾಡುತ್ತದೆ. ತಂಪಿನಲ್ಲಿ ಈ ಕಡವು ಚೆನ್ನಾಗಿ ಕೆಲಸ ಮಾಡುವುದರಿಂದ ಇರುವ ಕುಸಿತವೂ ಕಾಣದೆ ಹೋಗಬಹುದು. ಏಸಿ ಕೋಣೆಯಲ್ಲಿ ಕೈ ತಣ್ಣಗಾಗಿದ್ದರೆ ಬೆಚ್ಚಗೆ ಮಾಡಿಯೇ ಪರೀಕ್ಷಿಸುತ್ತಾರೆ. ಇದೇ ಗುಣವನ್ನು ವೈದ್ಯರು ಉಪಯೋಗಕ್ಕೂ ತಂದುಕೊಂಡಿದ್ದಾರೆ. ಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟು, ಅದು ಮೇಲೇಳುತ್ತದೆಯೇ ಎಂದು ನೋಡುವುದು ಕ್ಲಿನಿಕ್‌ನಲ್ಲಿ ಮಾಡುವ ಸುಲಭ ಪರೀಕ್ಷೆ. ಇದು ಸುಳಿವು ಮಾತ್ರ. ಮನೆಯಲ್ಲಿ ಐಸ್ ಇಟ್ಟು ನೀವೇ ತೀರ್ಪು ಕೊಡಬೇಡಿ.

ಪರೀಕ್ಷೆಯ ದಿನ ಮೈಕೈಗೆ, ಮುಖಕ್ಕೆ ಎಣ್ಣೆ, ಕ್ರೀಮ್ ಹಚ್ಚಬೇಡಿ, ಎಲೆಕ್ಟ್ರೋಡ್ ಸರಿಯಾಗಿ ಅಂಟುವುದಿಲ್ಲ. ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ. ರೆಪ್ಪೆ ಜೋತುಬಿದ್ದಾಗ ಮನೆಯವರು ಮೊಬೈಲಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆದಿಟ್ಟಿದ್ದರೆ ಅದನ್ನೂ ಒಯ್ಯಿರಿ. ಹೊತ್ತಿಗೊಂದು ಬಗೆ ಕಾಣುವ ಕಾಯಿಲೆಗೆ ಆ ಎರಡು ಫೋಟೊಗಳು ಒಳ್ಳೆಯ ಸಾಕ್ಷಿ.

ಕರೆಂಟ್ ಪರೀಕ್ಷೆ ಒಂಟಿಯಲ್ಲ

ರೋಗನಿರ್ಣಯ ಒಂದೇ ಪರೀಕ್ಷೆಯ ಮೇಲೆ ನಿಲ್ಲುವುದಿಲ್ಲ. ರಕ್ತದಲ್ಲಿ ರಿಸೆಪ್ಟರ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುತ್ತಾರೆ. ಮೈಯೆಲ್ಲ ಹರಡಿದ ಬಗೆಯಲ್ಲಿ ಸುಮಾರು ಶೇ 85 ಮಂದಿಯಲ್ಲಿ, ಕಣ್ಣಿಗಷ್ಟೇ ಸೀಮಿತವಾದ ಬಗೆಯಲ್ಲಿ ಸುಮಾರು ಅರ್ಧ ಮಂದಿಯಲ್ಲಿ ಅವು ಸಿಗುತ್ತವೆ. ಕೆಲವರಲ್ಲಿ ಮಸ್ಕ್ ಎಂಬ ಬೇರೊಂದು ಪ್ರೋಟೀನ್ ವಿರುದ್ಧದ ಪ್ರತಿಕಾಯ ಇರುತ್ತದೆ. ರಕ್ತದಲ್ಲಿ ಏನೂ ಸಿಗದವರಲ್ಲಿ ಕರೆಂಟ್ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚುತ್ತದೆ. ಕಾಯಿಲೆ ಖಚಿತವಾದ ಮೇಲೆ ಎದೆಯ ಸ್ಕ್ಯಾನ್ ಮಾಡಿಸುತ್ತಾರೆ, ಯಾಕೆಂದರೆ ನೂರರಲ್ಲಿ 10ರಿಂದ 15 ರೋಗಿಗಳಿಗೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ.

ಹೆಸರು ಗೊತ್ತಾಗುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್‌ಗಳು, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸುವ ಕೆಲವು ಔಷಧಗಳು ಈ ಕಾಯಿಲೆಯನ್ನು ಒಮ್ಮೆಲೇ ಕೆರಳಿಸಬಹುದು. ಕಾಯಿಲೆಯ ಹೆಸರು ಬರೆದ ಒಂದು ಚೀಟಿ ಪರ್ಸಿನಲ್ಲಿದ್ದರೆ, ಜ್ವರವೆಂದು ಹೋದ ಊರಿನ ಕ್ಲಿನಿಕ್‌ನಲ್ಲೂ ಹಲ್ಲಿನ ಡಾಕ್ಟರ ಬಳಿಯೂ ಅದು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಪರೀಕ್ಷೆಗಾಗಿ ಕಾಯಬೇಡಿ

ನುಂಗುವಾಗ ನೀರು ಮೂಗಿನಿಂದ ಹೊರಬಂದರೆ, ಎಂಜಲೂ ನುಂಗಲಾಗದಿದ್ದರೆ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಉಸಿರು ಸಾಲದಿದ್ದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ, ತಲೆ ಎತ್ತಿ ಹಿಡಿಯಲಾಗದಿದ್ದರೆ ಅದು ತುರ್ತು ಸ್ಥಿತಿ. ಉಸಿರಾಟದ ಸ್ನಾಯುಗಳೇ ಸೋಲುತ್ತಿರಬಹುದು. ಆಗ ಟೆಸ್ಟ್‌ನ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ ಎಂದು ಕೂರಬೇಡಿ. 108ಕ್ಕೆ ಕರೆ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಉಸಿರು ಉಳಿಸುತ್ತಾರೆ, ಪರೀಕ್ಷೆ ಆಮೇಲೆ.

ಕೊನೆಯದಾಗಿ

ಕರೆಂಟ್ ಪರೀಕ್ಷೆ ದೆವ್ವವೂ ಅಲ್ಲ, ದೇವರೂ ಅಲ್ಲ. ಅದು ಒಂದು ಅಳತೆಗೋಲು. ಸರಿಯಾದ ಸ್ನಾಯುವಿನ ಮೇಲೆ, ಬೆಚ್ಚಗಿರುವಾಗ, ಮಾತ್ರೆಯ ಪ್ರಭಾವ ಇಲ್ಲದಾಗ ಇಟ್ಟರೆ ಸರಿಯಾದ ಅಳತೆ ಕೊಡುತ್ತದೆ. ಎಲ್ಲೋ ಇಟ್ಟು ‘ಏನೂ ಇಲ್ಲ’ ಎಂದರೆ ಅದು ಅಳತೆಗೋಲಿನ ತಪ್ಪಲ್ಲ, ರೋಗಿಯ ತಪ್ಪಂತೂ ಅಲ್ಲವೇ ಅಲ್ಲ.

ಇನ್ನು ಮುಂದೆ “ಕರೆಂಟ್ ಟೆಸ್ಟ್ ಮಾಡಿಸಬೇಡಿ” ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಮೊದಲು ಒಂದು ಕ್ಷಣ ನಿಲ್ಲಿ. ಕಳಿಸಲೇಬೇಕೆಂದಿದ್ದರೆ ಈ ಎರಡು ಸಾಲು ಕಳಿಸಿ: ಸಂಜೆ ಹೊತ್ತಿಗೆ ರೆಪ್ಪೆ ಬೀಳುತ್ತಿದ್ದರೆ, ಒಂದು ಎರಡಾಗಿ ಕಾಣುತ್ತಿದ್ದರೆ, ಉಣ್ಣುತ್ತಾ ದವಡೆ ಸೋಲುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಒಂದು ಪರೀಕ್ಷೆ ನಾರ್ಮಲ್ ಬಂದಿದ್ದರೂ ತೊಂದರೆ ಉಳಿದಿದ್ದರೆ ಮತ್ತೆ ಹೋಗಿ ಕೇಳಿ.